ಪೈಥಾನ್‌ನಲ್ಲಿ ಡಿಕ್ಷನರಿ, ಸ್ಟ್ರಿಂಗ್ ವೇಗ ಅಳೆಯುವುದು ಹೇಗೆ?

ನೀವು ಕಲಬುರಗಿ ಎಪಿಎಂಸಿಯ ತೊಗರಿ ದರದ ಫೈಲ್ ಓದಿ, ದರಗಳನ್ನು ಡಿಕ್ಷನರಿಯಲ್ಲಿ (ಹೆಸರು ಕೊಟ್ಟರೆ ಅದರ ಮೌಲ್ಯ ಕೊಡುವ ಪಟ್ಟಿ) ಇಟ್ಟು, ಊರಿನ ಹೆಸರಿನಿಂದ ದರ ಹುಡುಕುತ್ತಿದ್ದೀರಿ. ಪರೀಕ್ಷೆಯಲ್ಲಿ ಬಂದ ವೇಗ ನಿಜವಾದ ಫೈಲ್‌ನಲ್ಲಿ ಯಾಕೆ ಬರುತ್ತಿಲ್ಲ ಅಂತ ಕೇಳಿದ್ದೀರಿ, ಅಲ್ವಾ?

ತಪ್ಪು ನಿಮ್ಮ ಪರೀಕ್ಷೆಯ ಲೂಪ್‌ನಲ್ಲಿದೆ. "ಕಲಬುರಗಿ" ಎಂಬ ಒಂದೇ ಸ್ಟ್ರಿಂಗನ್ನು (ಅಕ್ಷರಗಳ ಸಾಲನ್ನು) ಹತ್ತು ಲಕ್ಷ ಸಲ ಹುಡುಕಿದ್ದೀರಿ. ಪೈಥಾನ್ ಸ್ಟ್ರಿಂಗಿನ ಹ್ಯಾಶ್ ಅನ್ನು, ಅಂದರೆ ಡಿಕ್ಷನರಿಯಲ್ಲಿ ಜಾಗ ಹುಡುಕಲು ಬಳಸುವ ಸಂಖ್ಯೆಯನ್ನು, ಮೊದಲ ಸಲ ಲೆಕ್ಕ ಹಾಕಿ ಅದರೊಳಗೇ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಆ ಕೆಲಸವೇ ಇಲ್ಲ. ಡಿಕ್ಷನರಿಯಲ್ಲಿರುವ ಕೀ (ಅಲ್ಲಿ ಇಟ್ಟ ಹೆಸರು) ಕೂಡ ಮೆಮೊರಿಯಲ್ಲಿ ಅದೇ ವಸ್ತುವಾಗಿದ್ದರೆ ಅಕ್ಷರ ಹೋಲಿಸಿ ನೋಡುವುದೂ ಇಲ್ಲ. ಫೈಲ್‌ನಲ್ಲಿ ಹಾಗಲ್ಲ. ಪ್ರತಿ ಸಾಲನ್ನು ಸ್ಪ್ಲಿಟ್ ಮಾಡಿದಾಗ (ತುಂಡರಿಸಿದಾಗ) ಹೊಸ ಸ್ಟ್ರಿಂಗ್ ಹುಟ್ಟುತ್ತದೆ, ಹ್ಯಾಶ್ ಮತ್ತೆ ಲೆಕ್ಕವಾಗಬೇಕು. ಹಾಗಾಗಿ ಫೈಲ್‌ನ ಸಾಲುಗಳನ್ನೇ ಸ್ಪ್ಲಿಟ್ ಮಾಡುತ್ತಾ ಅಳೆಯಿರಿ. ಡಿಕ್ಷನರಿಯಲ್ಲಿ ಇಲ್ಲದ ಹೆಸರುಗಳನ್ನೂ ಸೇರಿಸಿ.

ಕನ್ನಡ ಹೆಸರುಗಳಿಂದಲೇ ಪರೀಕ್ಷೆ ಮಾಡಿ, ಇದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ನಮ್ಮ ಕಣ್ಣಿಗೆ "ಕಲಬುರಗಿ" 5 ಅಕ್ಷರ. ಪೈಥಾನ್ ಎಣಿಸಿದರೆ 7, ಯಾಕೆಂದರೆ ಬು, ಗಿ ಎರಡರ ಸ್ವರಚಿಹ್ನೆಗಳೂ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಸಿಪೈಥಾನ್‌ನಲ್ಲಿ (ನಾವು ಸಾಮಾನ್ಯವಾಗಿ ಬಳಸುವ ಪೈಥಾನ್) 3.3ನೇ ಆವೃತ್ತಿಯಿಂದ ಇವುಗಳಲ್ಲಿ ಪ್ರತಿಯೊಂದಕ್ಕೂ 2 ಬೈಟ್, ಬರೀ ಇಂಗ್ಲಿಷ್ ಅಕ್ಷರಗಳ ಸ್ಟ್ರಿಂಗ್‌ನಲ್ಲಿ 1.

ಸ್ಟ್ರಿಂಗ್ ಜೋಡಿಸಲು ಜಾಯಿನ್ ಬಳಸಿ. ಪ್ಲಸ್ (+) ಚಿಹ್ನೆಯಿಂದ ಜೋಡಿಸಿದಾಗ ಕೆಲವು ಸಲ ವೇಗ ಕಾಣಿಸಿದರೂ ನಂಬಬೇಡಿ.

ಅಳೆಯಲು ಪೈಥಾನ್ ಜೊತೆಗೇ ಬರುವ ಟೈಮ್‌ಇಟ್ ಸಾಕು. ಐದಾರು ಸಲ ಓಡಿಸಿ, ಸರಾಸರಿ ಬಿಟ್ಟು ಅತಿ ಕಡಿಮೆ ಸಮಯ ತೆಗೆದುಕೊಳ್ಳಿ. ನಮ್ಮ ಮೇ ತಿಂಗಳ ಮಧ್ಯಾಹ್ನ ಮಾತ್ರ ಬೇಡ. ಲ್ಯಾಪ್‌ಟಾಪ್ ಕಾದರೆ ಪ್ರೊಸೆಸರ್ ತಾನೇ ವೇಗ ಇಳಿಸುತ್ತದೆ. ಬೆಳಿಗ್ಗೆ, ಚಾರ್ಜರ್ ಹಾಕಿಕೊಂಡು ಮಾಡಿ.