ಮೊದಲು ಬಡ್ಡಿ ನಿಲ್ಲಲಿ, ಹಾಲಲ್ಲ

ಸಂಪಾದಕರ ಉತ್ತರ

ದಾವಣಗೆರೆಯ ನಿಟುವಳ್ಳಿಯಿಂದ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಯಜಮಾನರು ದಲ್ಲಾಳಿ ಅಂಗಡಿಯೊಂದರಲ್ಲಿ ಗುಮಾಸ್ತರು. ವ್ಯಾಪಾರ ಬಿದ್ದು ಹೋಗಿ, 18,000 ರೂಪಾಯಿ ಇದ್ದ ಸಂಬಳ 12,000ಕ್ಕೆ ಇಳಿದಿದೆ. ಇವರು ಮನೆಯಲ್ಲೇ ಕುಬಸ ಹೊಲಿದು ತಿಂಗಳಿಗೆ ನಾಲ್ಕೂವರೆ ಸಾವಿರ ದುಡಿಯುತ್ತಾರೆ. ಮನೆಯಲ್ಲಿ ಅತ್ತೆ, ಪಿಯುಸಿ ಓದುವ ಮಗಳು, ಏಳನೆಯ ತರಗತಿಯ ಮಗ. ಬಾಡಿಗೆ 5,000. ಮಹಿಳೆಯರ ಗುಂಪಿನಲ್ಲಿ ತೆಗೆದ ಮೈಕ್ರೋಫೈನಾನ್ಸ್ ಸಾಲದ ಕಂತು 2,400. ಇದರ ಮೇಲೆ ಪರಿಚಯದವರೊಬ್ಬರಿಂದ ತಂದ 60,000 ರೂಪಾಯಿ ಕೈಸಾಲವಿದೆ, ನೂರಕ್ಕೆ ಮೂರರ ಬಡ್ಡಿ.

ಪತ್ರದ ಕೊನೆಯ ಪುಟದ ನಾಲ್ಕು ಸಾಲುಗಳನ್ನು ಹಾಗೆಯೇ ಕೊಡುತ್ತಿದ್ದೇನೆ: “ಹಾಲನ್ನು ಒಂದು ಲೀಟರಿನಿಂದ ಅರ್ಧಕ್ಕೆ ಇಳಿಸಿದ್ದೇನೆ. ನನ್ನ ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದೇನೆ. ರಾತ್ರಿ ಹಸಿವಿಲ್ಲ ಎಂದು ಹೇಳಿ ಊಟ ಬಿಟ್ಟಿದ್ದೇನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅತ್ತೆ ಹೇಳುತ್ತಾರೆ, ಇನ್ನು ಎಲ್ಲಿ ಮಡಿಸಲಿ?”

ಸಹೋದರಿ, ಮಡಿಸುವುದನ್ನು ನಿಲ್ಲಿಸಿ. ಹಾಸಿಗೆಯನ್ನೇ ಬಡ್ಡಿಯವರು ಒಂದು ತುದಿಯಿಂದ ಸುತ್ತಿಕೊಂಡು ಹೋಗುತ್ತಿರುವಾಗ ಕಾಲನ್ನು ಎಷ್ಟು ಮಡಿಸಿದರೂ ಸಾಲುವುದಿಲ್ಲ. ಉಳಿತಾಯದ ಹೆಸರಿನಲ್ಲಿ ನಮ್ಮಂಥ ಪತ್ರಿಕೆಗಳು ಪುಟ ತುಂಬಿಸುವ ಸಲಹೆಗಳು, ಟೂತ್‌ಪೇಸ್ಟ್ ಟ್ಯೂಬನ್ನು ಕತ್ತರಿಸಿ ಬಳಸಿ, ನಿಂಬೆ ಸಿಪ್ಪೆಯಲ್ಲಿ ಪಾತ್ರೆ ತೊಳೆಯಿರಿ ಎಂಬಂಥವು, ತಿಂಗಳ ಕೊನೆಗೆ ಹಣ ಉಳಿಯುವವರ ಕಾಲಕ್ಷೇಪ. ನಿಮ್ಮ ಮನೆಯ ಲೆಕ್ಕ ಬೇರೆ.

ನಿಮ್ಮ ಅಂಕಿಗಳನ್ನೇ ನೋಡೋಣ. ಅರ್ಧ ಲೀಟರ್ ಹಾಲು ಬಿಟ್ಟು ನೀವು ಉಳಿಸಿದ್ದು ತಿಂಗಳಿಗೆ ಸುಮಾರು 700 ರೂಪಾಯಿ ಎಂದು ಬರೆದಿದ್ದೀರಿ. ಕೈಸಾಲಕ್ಕೆ ಕಟ್ಟುತ್ತಿರುವ ಬಡ್ಡಿ 1,800. ನೂರಕ್ಕೆ ಮೂರು ಎಂದರೆ ಕಿವಿಗೆ ಸಣ್ಣದಾಗಿ ಕೇಳಿಸುತ್ತದೆ, ಏಕೆಂದರೆ ಅದು ತಿಂಗಳ ಮಾತು. ವರ್ಷಕ್ಕೆ ಅದು ಶೇಕಡಾ 36. ಕಳೆದ ಹತ್ತು ತಿಂಗಳಲ್ಲಿ 18,000 ಕಟ್ಟಿದ್ದೀರಿ, ಅಸಲು ಒಂದು ರೂಪಾಯಿಯೂ ಕರಗಿಲ್ಲ. ನಿಮ್ಮ ಮಗನ ಲೋಟದ ಹಾಲನ್ನು ಎರಡೂವರೆ ತಿಂಗಳು ಕಸಿದರೆ ಒಂದು ತಿಂಗಳ ಬಡ್ಡಿ ಹುಟ್ಟುತ್ತದೆ. ನೀವು ಮನೆಯಲ್ಲಿ ಮಾಡುತ್ತಿರುವ ಉಪವಾಸದ ಫಲ ಯಾರ ಮನೆಗೆ ಹೋಗುತ್ತಿದೆ ಎಂಬುದು ಈಗ ಕಾಣುತ್ತಿರಬಹುದು.

ಎರಡನೆಯ ಪುಟದಲ್ಲಿ, ಮಾತಿನ ನಡುವೆ, “ಮಗಳ ಮದುವೆಗೆಂದು ಎತ್ತಿಟ್ಟ ಎರಡು ತೊಲದ ಸರ ಮತ್ತು ಬಳೆ ಬೀರುವಿನಲ್ಲಿವೆ, ಅವುಗಳನ್ನು ಮುಟ್ಟುವುದಿಲ್ಲ” ಎಂದಿದ್ದೀರಿ. ನಾನು ಮುಟ್ಟಿ ಎನ್ನುತ್ತೇನೆ. ಮಾರಬೇಡಿ, ಬ್ಯಾಂಕಿನಲ್ಲಿ ಅಡವಿಡಿ. ಚಿನ್ನದ ಇಂದಿನ ಬೆಲೆಗೆ 60,000 ಸಾಲ ಪಡೆಯಲು ಇದ್ದಬದ್ದ ಒಡವೆಯನ್ನೆಲ್ಲ ಇಡಬೇಕಾಗಿಲ್ಲ. ಬಳೆಗಳನ್ನಷ್ಟೇ ತೂಗಿಸಿ ಕೇಳಿ. ರಾಷ್ಟ್ರೀಕೃತ ಬ್ಯಾಂಕಿನಲ್ಲಿ ವರ್ಷಕ್ಕೆ ಶೇಕಡಾ ಹತ್ತರ ಆಸುಪಾಸಿನ ಬಡ್ಡಿಗೆ ಸಾಲ ಸಿಕ್ಕರೆ ತಿಂಗಳ ಬಡ್ಡಿ 500 ರೂಪಾಯಿ. ಆ ಹಣದಿಂದ ಕೈಸಾಲವನ್ನು ಅದೇ ದಿನ, ಪೂರ್ತಿ, ಸಾಕ್ಷಿ ಇಟ್ಟುಕೊಂಡು ತೀರಿಸಿ, ನೀವು ಸಹಿ ಮಾಡಿಕೊಟ್ಟ ಖಾಲಿ ಚೆಕ್ಕನ್ನು ಮರಳಿ ಪಡೆಯಿರಿ. ಹಣ ಕೈಗೆ ಬಂದು ನಾಲ್ಕು ದಿನ ಮನೆಯಲ್ಲಿ ಕೂತರೆ ಅದಕ್ಕೆ ಬೇರೆ ಹತ್ತು ದಾರಿಗಳು ಹುಟ್ಟಿಕೊಳ್ಳುತ್ತವೆ.

ಈಗ ಕೊಡುತ್ತಿರುವ ಅದೇ 1,800 ರೂಪಾಯಿಯನ್ನು ಬ್ಯಾಂಕಿಗೆ ಕಟ್ಟುತ್ತ ಹೋದರೆ ಮೂರು ವರ್ಷ ಮೂರು ತಿಂಗಳ ಹೊತ್ತಿಗೆ ಅಸಲು, ಬಡ್ಡಿ ಎರಡೂ ಮುಗಿದು ಬಳೆ ಮನೆಗೆ ಬರುತ್ತವೆ. ಕೈ ಬಿಗಿಯಾದ ತಿಂಗಳು ಬಡ್ಡಿಯ 500 ಮಾತ್ರ ಕಟ್ಟಿ, ಉಳಿದದ್ದರಲ್ಲಿ ಹಾಲು ತನ್ನಿ. ಈ ಸಡಿಲು ಕೈಸಾಲದಲ್ಲಿ ಇಲ್ಲ. ವರ್ಷಕ್ಕೊಮ್ಮೆ ಸಾಲವನ್ನು ನವೀಕರಿಸಬೇಕಾಗುತ್ತದೆ. ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮರೆತರೆ ಒಡವೆ ಹರಾಜಿಗೆ ಹೋಗುವ ಅಪಾಯ ನಿಜವಾದದ್ದು. ಮಗಳ ಮದುವೆಯ ಚಿನ್ನ ಎಂಬ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅವಳಿಗೆ ಇನ್ನೂ ಹದಿನೇಳು. ಅವಳಿಗೆ ಬೇಕಾದದ್ದು ಸದ್ಯ ಕಾಲೇಜು ಮತ್ತು ರಾತ್ರಿ ಊಟ ಮಾಡುವ ತಾಯಿ.

ಗುಂಪಿನ ಸಾಲದ ಕಂತನ್ನು ತಪ್ಪಿಸಬೇಡಿ, ತಪ್ಪಿದರೆ ಹೊರೆ ನೆರೆಮನೆಯವರ ಮೇಲೆ ಬೀಳುತ್ತದೆ. ಆದರೆ ಅದನ್ನು ತೀರಿಸಲು ಇನ್ನೊಂದು ಕಂಪನಿಯ ಸಾಲವನ್ನು ಮಾತ್ರ ತೆಗೆಯಬೇಡಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಒಂದು ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಹೊಸ ಮೈಕ್ರೋಫೈನಾನ್ಸ್ ಸಾಲ ಕೊಡಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ, ಕರೆ ಮಾಡುವಂತಿಲ್ಲ. ರಾಜ್ಯ ಸರ್ಕಾರವೂ 2025ರಲ್ಲಿ ಬಲವಂತದ ವಸೂಲಿಯನ್ನು ಶಿಕ್ಷಾರ್ಹ ಅಪರಾಧವಾಗಿಸಿ ಕಾನೂನು ತಂದಿದೆ. ರಾತ್ರಿ ಎಂಟಕ್ಕೆ ಬಾಗಿಲಿಗೆ ಬಂದು ಕೂರುವವರ ಬಗ್ಗೆ ಬರೆದಿದ್ದೀರಲ್ಲ, ಮುಂದಿನ ಸಲ ಇದನ್ನು ಅವರಿಗೆ ಓದಿ ಹೇಳಿ.

ಇನ್ನು ಆ 60,000 ಬಂದದ್ದು ಹೇಗೆ ಎಂಬ ಮಾತಿಗೆ ಬರುತ್ತೇನೆ. ಅದರಲ್ಲಿ 35,000 ದುಗ್ಗಮ್ಮನ ಜಾತ್ರೆಗೆ ಖರ್ಚಾಯಿತು ಎಂದು ನೀವು ನಾಚಿಕೊಂಡು ಬರೆದಿದ್ದೀರಿ. ನಾಚಿಕೊಳ್ಳಬೇಡಿ, ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ಅರ್ಧ ಊರು ಇದನ್ನೇ ಮಾಡುತ್ತದೆ. ನಗರದೇವತೆಯ ಹಬ್ಬಕ್ಕೆ ಜಗಳೂರಿನಿಂದ, ಹರಪನಹಳ್ಳಿಯಿಂದ ಬೀಗರು ಬರುತ್ತಾರೆ, ಎರಡು ಕುರಿ ಬೀಳುತ್ತವೆ, ಶಾಮಿಯಾನ ಏಳುತ್ತದೆ. ಮೂರು ದಿನ ಮನೆ ತುಂಬಿರುತ್ತದೆ. ಆಮೇಲೆ ಎರಡು ವರ್ಷ ಬಡ್ಡಿ. ಅಷ್ಟರಲ್ಲಿ ಮುಂದಿನ ಜಾತ್ರೆ.

ಹಬ್ಬ ಬಿಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ನೀವು ಕೇಳುವುದಿಲ್ಲ, ನಿಮ್ಮ ಅತ್ತೆಯಂತೂ ಈ ಪತ್ರಿಕೆಯನ್ನೇ ನಿಲ್ಲಿಸಿಯಾರು. ದೇವಿಗೆ ಉಡಿ ತುಂಬಲು, ಹೋಳಿಗೆಯ ಎಡೆ ಇಡಲು ಸಾಲ ಬೇಕಾಗುವುದಿಲ್ಲ. ಸಾಲ ಬೇಕಾಗುವುದು ಬೀಗರ ಮುಂದೆ ಕಡಿಮೆಯಾಗಬಾರದು ಎಂಬುದಕ್ಕೆ. ಹೋದ ಸಲ ನಿಮ್ಮ ಮೈದುನರ ಮನೆಯಲ್ಲೂ ಬೇರೆ ಅಡುಗೆ, ಬೇರೆ ಶಾಮಿಯಾನ, ಬಂದ ನೆಂಟರು ಮಾತ್ರ ಅವರೇ ಎಂದು ಬರೆದಿದ್ದೀರಿ. ಎರಡು ಮನೆ ಸೇರಿ ಒಂದೇ ಒಲೆ ಹಚ್ಚಬಾರದೇಕೆ? ಒಂದು ಕುರಿಯನ್ನು ಪಾಲು ಹಾಕಿಕೊಂಡರೆ ಯಾವ ದೇವಿಯೂ ಮುನಿಯುವುದಿಲ್ಲ. ಈ ಮಾತನ್ನು ಜಾತ್ರೆಗೆ ಒಂದು ತಿಂಗಳಿದ್ದಾಗ ಎತ್ತಿದರೆ ಜಗಳವಾಗುತ್ತದೆ. ಈಗಲೇ, ಜಾತ್ರೆ ದೂರವಿರುವಾಗ, ಯಜಮಾನರ ಬಾಯಿಂದ ಅವರ ತಮ್ಮನಿಗೆ ಹೇಳಿಸಿ.

ಮುಯ್ಯಿಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಬರುವ ತಿಂಗಳು ನಾದಿನಿಯ ಮಗಳ ಮದುವೆ. ಅವರು ನಿಮ್ಮ ಗೃಹಪ್ರವೇಶದ ದಿನಗಳಲ್ಲಿ, ಅಂದರೆ ಸ್ವಂತ ಮನೆ ಇದ್ದ ಕಾಲದಲ್ಲಿ, 3,000 ರೂಪಾಯಿಯ ಸೀರೆ ಉಡಿಸಿದ್ದರು. ಮುಯ್ಯಿ ಪುಸ್ತಕದಲ್ಲಿ ಅದು ಬರೆದಿದೆ. ಅದಕ್ಕೆ ಕಡಿಮೆಯಾಗಬಾರದು ಎಂಬುದು ನಿಮ್ಮ ಚಿಂತೆ. ಮುಯ್ಯಿ ಎಂದರೆ ವಾಪಸು ಕೊಡಬೇಕಾದ್ದೇ, ಅದನ್ನು ನುಂಗಿ ಹಾಕಿ ಎನ್ನಲಾರೆ. ಆದರೆ ಈ ಮದುವೆಯಲ್ಲೇ, ಇಷ್ಟೇ ರೂಪಾಯಿಯಲ್ಲಿ ತೀರಬೇಕೆಂಬ ಕರಾರು ಎಲ್ಲಿಯೂ ಇಲ್ಲ. ನಿಮ್ಮ ಕೈಯಲ್ಲಿ ಒಂದು ವಿದ್ಯೆ ಇದೆ. ಮದುಮಗಳ ಐದು ಕುಬಸಗಳನ್ನು ನಾನು ಹೊಲಿದುಕೊಡುತ್ತೇನೆ ಎಂದು ಈಗಲೇ ನಾದಿನಿಗೆ ಫೋನ್ ಮಾಡಿ ಹೇಳಿ. ಮದುವೆಯ ಕುಬಸಕ್ಕೆ ಅಂಗಡಿಗಳಲ್ಲಿ ಕೂಲಿ ಎಷ್ಟೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮದುವೆಯ ದಿನ ಎಲೆ, ಅಡಿಕೆ, ಕುಬಸದ ಕಣ, ಕೈಲಾದ ಸಣ್ಣ ಮೊತ್ತ. ಅದರ ಮೇಲೂ ಮಾತಾಡುವವರಿದ್ದರೆ ಅವರು ಸೀರೆ ಕೊಟ್ಟರೂ ಅದರ ಅಂಚಿನ ಬಗ್ಗೆ ಮಾತಾಡುತ್ತಾರೆ.

ಅಡುಗೆಮನೆಗೆ ಕಡೆಯಲ್ಲಿ ಬರುತ್ತಿದ್ದೇನೆ, ಬೇಕೆಂದೇ. ಅಲ್ಲಿ ಕಡಿಮೆ ಮಾಡುವುದಕ್ಕಿಂತ ಬದಲಿಸುವುದಕ್ಕೆ ಹೆಚ್ಚು ಅವಕಾಶವಿದೆ. ತೊಗರಿಬೇಳೆ ದುಬಾರಿಯಾಯಿತೆಂದು ಸಾರನ್ನು ನೀರು ಮಾಡಿದ್ದೀರಿ. ಅದರ ಬದಲು ವಾರದಲ್ಲಿ ಮೂರು ದಿನ ಹುರುಳಿ ಹಾಕಿ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ತೊಗರಿಗೆ ಅದು ಕಡಿಮೆಯೇನಲ್ಲ. ರಾತ್ರಿ ನೆನೆಹಾಕಿ ಬೆಳಿಗ್ಗೆ ಕುಕ್ಕರಿನಲ್ಲಿ ಬೇಯಿಸಿದರೆ ಗ್ಯಾಸೂ ಉಳಿಯುತ್ತದೆ. ಬಸಿದ ಕಟ್ಟು ಮುದ್ದೆಗೆ ಸಾರಾಗುತ್ತದೆ, ಕಾಳಿಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ರೊಟ್ಟಿಗೆ ಪಲ್ಯ. ಮಾರನೆಯ ದಿನ ಮತ್ತೆ ಕುದಿಸಿದ ಕಟ್ಟಿನ ಸಾರಿನ ರುಚಿ ಮೊದಲ ದಿನಕ್ಕಿಲ್ಲ ಎಂದು ವಾದಿಸುವವರಲ್ಲಿ ನಾನೂ ಒಬ್ಬ. ಶೇಂಗಾ ಚಟ್ನಿಪುಡಿಯ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಿ. ಚಳ್ಳಕೆರೆಯ ಶೇಂಗಾ ಪಕ್ಕದಲ್ಲೇ ಇರುವಾಗ ಮಕ್ಕಳಿಗೆ ಬಿಸ್ಕೆಟ್ ಪೊಟ್ಟಣ ಕೊಡಿಸುವುದು ನನಗೆ ಒಪ್ಪಿಗೆಯಿಲ್ಲ. ದಿನಸಿಯನ್ನು ಮೂಲೆಯಂಗಡಿಯ ಉದ್ರಿ ಪುಸ್ತಕದಲ್ಲಿ ಬರೆಸುವ ಬದಲು, ಎರಡು ಮೂರು ಮನೆಯವರು ಸೇರಿ ತಿಂಗಳಿಗೊಮ್ಮೆ ಮಂಡಿಪೇಟೆಯಿಂದ ನಗದು ಕೊಟ್ಟು ತನ್ನಿ. ಉದ್ರಿ ಕೊಡುವವರೊಂದಿಗೆ ಬೆಲೆ ಚೌಕಾಸಿ ಮಾಡಲು ಯಾರಿಗೂ ಬಾಯಿ ಬರುವುದಿಲ್ಲ.

ಯಜಮಾನರ ಮಿರ್ಚಿ ಮಂಡಕ್ಕಿಯ ಮೇಲೆ ನೀವು ದೂರು ಹೇಳಿದ್ದೀರಿ. ವಾರಕ್ಕೊಂದು ಸಂಜೆಯ ಆ ಖರ್ಚನ್ನು ಬಿಟ್ಟುಬಿಡಿ, ಎಲ್ಲರಿಗೂ ಕಟ್ಟಿಸಿಕೊಂಡು ಬರಲು ಹೇಳಿ. ಕಷ್ಟಕಾಲದ ಮನೆಗೆ ಅಷ್ಟು ಖಾರ ಬೇಕು. ಅವರ ಜೇಬಿನ ಗುಟ್ಕಾ ಪೊಟ್ಟಣಗಳ ಲೆಕ್ಕ ಮಾತ್ರ ಬೇರೆ. ದಿನದ ಖರ್ಚನ್ನು ಮೂವತ್ತರಿಂದ ಗುಣಿಸಿ, ಬೈಯದೆ, ಬರೀ ಮೊತ್ತವನ್ನು ಅವರ ಮುಂದಿಡಿ.

ಬಿಪಿ ಮಾತ್ರೆಯ ವಿಷಯದಲ್ಲಿ ನಾನು ಗಟ್ಟಿ ಧ್ವನಿಯಲ್ಲೇ ಹೇಳಬೇಕು. ದಿನ ಬಿಟ್ಟು ದಿನ ನುಂಗುವುದು ಉಳಿತಾಯವಲ್ಲ. ಒಂದು ಪಾರ್ಶ್ವವಾಯು ಬಡಿದರೆ ಬಳೆಯೂ ಹೋಗುತ್ತದೆ, ಸರವೂ ಹೋಗುತ್ತದೆ. ಚಿಗಟೇರಿ ಜಿಲ್ಲಾ ಆಸ್ಪತ್ರೆ ಇರುವ ಊರಿನಲ್ಲಿದ್ದೀರಿ. ಬಿಪಿ, ಸಕ್ಕರೆ ಕಾಯಿಲೆಗಳ ತಪಾಸಣೆ ಮತ್ತು ಮಾತ್ರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ನಿಮ್ಮದನ್ನೂ ಅತ್ತೆಯದನ್ನೂ ಒಟ್ಟಿಗೆ ಬರೆಸಿಕೊಳ್ಳಿ. ಅಲ್ಲಿ ಮಾತ್ರೆ ಮುಗಿದಿದ್ದ ದಿನಕ್ಕೆ ಜನೌಷಧಿ ಕೇಂದ್ರವಿದೆ. ಚೀಟಿಯಲ್ಲಿ ಕಂಪನಿಯ ಹೆಸರಿನ ಬದಲು ಔಷಧದ ಮೂಲ ಹೆಸರನ್ನು ಬರೆದುಕೊಡುವಂತೆ ವೈದ್ಯರನ್ನು ಕೇಳಿದರೆ ಅಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ.

ಸೊನ್ನೆ ಬರುತ್ತಿದ್ದ ವಿದ್ಯುತ್ ಬಿಲ್ಲು ಎರಡು ತಿಂಗಳಿಂದ ಏಕೆ ಏರಿತು ಎಂದು ಕೇಳಿದ್ದೀರಿ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನಿಮ್ಮ ಮೀಟರಿನ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಮಿತಿಯನ್ನು ಗೊತ್ತುಮಾಡಿರುತ್ತಾರೆ. ಅದಕ್ಕಿಂತ ಹೆಚ್ಚಾದ ಯೂನಿಟ್‌ಗಳಿಗೆ ಹಣ ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ನಿಮ್ಮ ಹೊಲಿಗೆ ಯಂತ್ರದ ಮೋಟಾರಿನ ಮೇಲೆ ಅನುಮಾನ ಬೇಡ, ಅದು ಫ್ಯಾನಿನಷ್ಟೇ ತಿನ್ನುತ್ತದೆ. ಸಾವಿರ ವಾಟಿನ ಇಸ್ತ್ರಿ ಪೆಟ್ಟಿಗೆ ಒಂದು ಗಂಟೆ ಕಾದಿದ್ದರೆ ಒಂದು ಯೂನಿಟ್ ಹೋಗುತ್ತದೆ. ಒಂದೊಂದೇ ಕುಬಸಕ್ಕೆ ಹಚ್ಚದೆ, ಹೊಲಿದದ್ದನ್ನೆಲ್ಲ ಕೂಡಿಟ್ಟು ಒಮ್ಮೆಲೇ ಇಸ್ತ್ರಿ ಮಾಡಿ.

ಗೃಹಲಕ್ಷ್ಮಿಯ 2,000 ಅತ್ತೆಯ ಖಾತೆಗೆ ಬರುತ್ತದೆ, ಅವರು ಅದನ್ನು ತಮ್ಮ ಮಗಳಿಗೆ ಕಳಿಸುತ್ತಾರೆ ಎಂಬ ನೋವು ಪತ್ರದುದ್ದಕ್ಕೂ ಇದೆ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಅವರೇ ಆದ್ದರಿಂದ ಹಣ ಅವರದೇ. ಕಸಿದುಕೊಳ್ಳುವ ಮಾತು ಬೇಡ. ಆದರೆ ಕೈಸಾಲದ ವಿಷಯವನ್ನು ಅವರಿಂದ ಮುಚ್ಚಿಟ್ಟಿದ್ದೀರಿ, ಅದು ಸರಿಯಲ್ಲ. ಹತ್ತಿಗಿರಣಿಗಳಿದ್ದ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡ ಊರು ಇದು. ಆ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ನಿಮ್ಮ ಮಾವನವರೂ ಕೆಲಸ ಕಳೆದುಕೊಂಡಿದ್ದರು ಎಂದು ನೀವೇ ಬರೆದಿದ್ದೀರಿ. ಆಗ ಆ ಮನೆ ನಡೆಸಿದವರು ಈ ಅತ್ತೆಯೇ. ಸಾಲದ ಚೀಟಿಗಳನ್ನೆಲ್ಲ ಅವರ ಮುಂದೆ ಹರಡಿ, “ಆಗ ಹೇಗೆ ಮಾಡಿದಿರಿ ಅತ್ತೆ?” ಎಂದು ಕೇಳಿ ನೋಡಿ. ಕೇಳಿದ ಮೇಲೆ 2,000ದಲ್ಲಿ ಎಷ್ಟು ಮನೆಗೆ ಬರುತ್ತದೆ ಎಂಬುದನ್ನು ಅವರಿಗೇ ಬಿಡಿ.

ಕಡೆಯದಾಗಿ ನಿಮ್ಮ ಬಾಕಿ ಪುಸ್ತಕ. ಓಣಿಯವರಿಂದ ಬರಬೇಕಾದ ಹೊಲಿಗೆ ಕೂಲಿ 4,300 ರೂಪಾಯಿ ಇದೆ, ಕೇಳಲು ಸಂಕೋಚ ಎಂದಿದ್ದೀರಿ. ಮಗನ ಹಾಲು ನಿಲ್ಲಿಸಲು ಸಂಕೋಚವಾಗಲಿಲ್ಲವಲ್ಲ. ಈ ಭಾನುವಾರ ಮಗಳನ್ನು ಜೊತೆಗೆ ಕರೆದುಕೊಂಡು, ಪುಸ್ತಕ ಹಿಡಿದುಕೊಂಡು ಮನೆ ಮನೆಗೆ ಹೋಗಿ. ಮುಂದೆ ಅರ್ಧ ಕೂಲಿಯನ್ನು ಬಟ್ಟೆ ಕೊಡುವಾಗಲೇ ತೆಗೆದುಕೊಳ್ಳಿ, ಉಳಿದರ್ಧ ಬರುವ ತನಕ ಕುಬಸಕ್ಕೆ ಗುಂಡಿ ಹಚ್ಚಬೇಡಿ.

– ಸಂ.