ಕಾಫಿ ಗಿಡಕ್ಕೆ ವ್ಯಾಮ್ (ಬೇರಿನ ಜೊತೆ ಬಾಳುವ ಶಿಲೀಂಧ್ರದ ಗೊಬ್ಬರ) ಹಾಕಿದರೆ ಡಿಎಪಿ (ರಂಜಕ ಹೆಚ್ಚಿರುವ ರಾಸಾಯನಿಕ ಗೊಬ್ಬರ) ನಿಲ್ಲಿಸಬಹುದಾ? ಯಾವ ಕಂಪನಿಯದು ಒಳ್ಳೆಯದು?

ಮೂಡಿಗೆರೆ ಹತ್ತಿರ ಮೊದಲ ಸಲ ಅರೇಬಿಕಾ ನರ್ಸರಿ ಮಾಡಿದಾಗ ನಾನೂ ಇದನ್ನೇ ಕೇಳಿಕೊಂಡು ಅಂಗಡಿ ಅಂಗಡಿ ಸುತ್ತಿದ್ದೆ. ಕಾಡುಮಣ್ಣು 6 ಪಾಲು, ಕೊಟ್ಟಿಗೆ ಗೊಬ್ಬರ 2, ಮರಳು 1 ಅಂತ ಕಲಸಿ ಬುಟ್ಟಿ ತುಂಬಿ, ಎಲ್ಲದಕ್ಕೂ ವ್ಯಾಮ್ ಹಾಕಿದೆ. ಟೋಪಿ ಗಿಡ, ಅಂದರೆ ಎಳೆ ಮೊಳಕೆ, ಕೂರಿಸಿ, ಎಲೆ ಬಿಡುತ್ತಿದ್ದಂತೆ ಡಿಎಪಿ ಕರಗಿಸಿದ ನೀರು ಹೊಯ್ಯೋಕೆ ಶುರು ಮಾಡಿದೆ. ಗಿಡ ಕಡುಹಸಿರಾಗಿ ಎದ್ದು ನಿಂತಿತ್ತು. ಮಳೆಗಾಲಕ್ಕೆ ನೆಟ್ಟೆವು, ಬೇಸಿಗೆಗೆ ಸಾಲು ಸಾಲೇ ಒಣಗಿತು. ಕಿತ್ತು ನೋಡಿದರೆ ಬೇರು ಬುಟ್ಟಿಮಣ್ಣು ದಾಟಿರಲಿಲ್ಲ. ಡಿಎಪಿ ನೀರು ತಾಗದ ಕೊನೇ ಮಡಿಯ ಗಿಡಗಳು ಮಾತ್ರ ಉಳಿದವು.

ತಪ್ಪು ಆ ನೀರಿನದ್ದೇ. ವ್ಯಾಮ್ ಶಿಲೀಂಧ್ರ ಬೇರಿನೊಳಗೆ ಸೇರಿಕೊಂಡು, ಬೇರುಕೂದಲಿಗಿಂತ ಸಣ್ಣ ಎಳೆಗಳನ್ನು ಮಣ್ಣಿಗೆ ಚಾಚುತ್ತದೆ. ನಮ್ಮ ಹುಳಿಮಣ್ಣಿನಲ್ಲಿ ರಂಜಕ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಕಚ್ಚಿಕೊಂಡಿರುತ್ತದೆ, ಬೇರಿನ ಹತ್ತಿರಕ್ಕೆ ತಾನಾಗಿ ಹರಿದು ಬರಲ್ಲ. ಬೇರಿಗೆ ಎಟುಕದ ಜಾಗದಿಂದ ಅದನ್ನು ತರುವುದು ಈ ಎಳೆಗಳು. ಬದಲಿಗೆ ಗಿಡ ತಾನು ತಯಾರಿಸಿದ ಸಕ್ಕರೆ, ಕೊಬ್ಬು ಕೊಡಬೇಕು. ಕರಗಿದ ರಂಜಕ ಬುಡಕ್ಕೇ ಸಿಕ್ಕಿದರೆ ಗಿಡ ಯಾಕೆ ಕೊಡುತ್ತದೆ? ಕೊಡಲ್ಲ. ಶಿಲೀಂಧ್ರ ಬೇರು ಹಿಡಿಯುವುದೇ ಕಡಿಮೆಯಾಗುತ್ತದೆ. ನಾನು ಒಂದು ಕೈಯಲ್ಲಿ ಹಾಕಿದ್ದನ್ನು ಇನ್ನೊಂದು ಕೈಯಲ್ಲಿ ಉಪವಾಸ ಕೆಡವಿದೆ.

ಹಾಗಾಗಿ ಕಂಪನಿ ಹೆಸರು ಕೇಳಬೇಡಿ. ಬೆಳೆದ ತೋಟಕ್ಕೆ ವ್ಯಾಮ್ ಕೊಂಡು ಚೆಲ್ಲುವುದು ದುಡ್ಡು ದಂಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ನೆರಳು, ತರಗೆಲೆ ಇರುವ ತೋಟದ ಮಣ್ಣಿನಲ್ಲಿ ಅದು ಆಗಲೇ ಇದೆ. ಕಳೆನಾಶಕ ಹೊಡೆದು ನೆಲ ಬೋಳು ಮಾಡುವುದನ್ನು ಮೊದಲು ನಿಲ್ಲಿಸಿ. ಜೀವಂತ ಬೇರಿಲ್ಲದೆ ಈ ಶಿಲೀಂಧ್ರ ಬೆಳೆಯಲ್ಲ, ಕಳೆಯ ಬೇರೂ ಅದಕ್ಕೆ ಆಸರೆ. ಮಣ್ಣಿನ ಕಣಗಳನ್ನು ಹಿಡಿದು ಹೆಂಟೆ ಕಟ್ಟುವುದೂ ಅದರ ಎಳೆಗಳೇ. ನಮ್ಮ ಇಳಿಜಾರಿನಲ್ಲಿ, ಆಷಾಢದ ಮಳೆಗೆ ಮೇಲ್ಮಣ್ಣು ಹಳ್ಳ ಸೇರದೆ ಉಳಿಯೋಕೆ ಅದೂ ಬೇಕು.

ಕೊಳ್ಳುವುದಾದರೆ ನರ್ಸರಿಗೆ ಕೊಳ್ಳಿ, ಅದರಲ್ಲೂ ಜೆಸಿಬಿ ಬಗೆದ ಕೆಳಮಣ್ಣು ಬಳಸುತ್ತಿದ್ದರೆ. ಬೇರಿಗೆ ತಾಗುವ ಹಾಗೆ ಹಾಕಿ. ಕಾರ್ಬೆಂಡಜಿಮ್ ಬುಡಕ್ಕೆ ಹೊಯ್ಯಬೇಡಿ, ಅದು ಶಿಲೀಂಧ್ರನಾಶಕ.

ಡಿಎಪಿ ಪೂರ್ತಿ ಬಿಡೋಕಾಗಲ್ಲ. ಶಿಲೀಂಧ್ರ ಇದ್ದ ರಂಜಕವನ್ನು ತರುತ್ತದೆ, ಹೊಸದಾಗಿ ಹುಟ್ಟಿಸಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಕೊರತೆ ಇದ್ದಷ್ಟೇ ಕೊಡಿ.