ಬಯೋಇನ್ಫರ್ಮ್ಯಾಟಿಕ್ಸ್ ಹುಟ್ಟಿದ್ದು ಮಾನವ ಜೀನೋಮ್ ಯೋಜನೆಯಿಂದಲೇ?

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಅಲ್ಲ. ಮನುಷ್ಯನ ಜೀನೋಮನ್ನು, ಅಂದರೆ ಇಡೀ ಡಿಎನ್‌ಎಯನ್ನು, ಓದುವ ಆ ಯೋಜನೆ 1990ರಲ್ಲಿ ಆರಂಭವಾಗುವ ಹೊತ್ತಿಗೆ, ಜೀವಿಗಳ ಮಾಹಿತಿಯನ್ನು ಕಂಪ್ಯೂಟರಿನಿಂದ ವಿಶ್ಲೇಷಿಸುವ ಈ ಶಾಸ್ತ್ರಕ್ಕೆ ಕಾಲು ಶತಮಾನ ಮೀರಿತ್ತು. ಅದು ಮೊದಲು ಕೈಹಾಕಿದ್ದೂ ಡಿಎನ್‌ಎಗಲ್ಲ, ಪ್ರೋಟೀನಿಗೆ.

1950ರ ದಶಕದಲ್ಲಿ ಬ್ರಿಟಿಷ್ ವಿಜ್ಞಾನಿ ಫ್ರೆಡರಿಕ್ ಸ್ಯಾಂಗರ್ ಇನ್ಸುಲಿನ್ ಎಂಬ ಪ್ರೋಟೀನಿನ 51 ಅಮೈನೋ ಆಮ್ಲಗಳ (ಪ್ರೋಟೀನನ್ನು ಕಟ್ಟುವ ಸಣ್ಣ ಅಣುಗಳ) ಕ್ರಮವನ್ನು ಕಂಡುಹಿಡಿದರು. ಉದ್ದನೆಯ ಪ್ರೋಟೀನನ್ನು ಒಂದೇ ಸಲಕ್ಕೆ ಓದಲಾಗದ ಕಾರಣ ಅದನ್ನು ತುಂಡರಿಸಿ, ಒಂದು ತುಂಡಿನ ಕೊನೆ ಇನ್ನೊಂದರ ಮೊದಲಿನೊಡನೆ ಎಲ್ಲಿ ಹೊಂದುತ್ತದೆಂದು ನೋಡಿ ಜೋಡಿಸಬೇಕಿತ್ತು. ಈ ಬೇಸರದ ಕೆಲಸವನ್ನು ಐಬಿಎಂ 7090 ಕಂಪ್ಯೂಟರಿಗೆ ಒಪ್ಪಿಸುವ ಕಾಂಪ್ರೋಟೀನ್ ಎಂಬ ಪ್ರೋಗ್ರಾಮನ್ನು ಅಮೆರಿಕದ ವಿಜ್ಞಾನಿಗಳಾದ ಮಾರ್ಗರೆಟ್ ಡೇಹಾಫ್ ಮತ್ತು ರಾಬರ್ಟ್ ಲೆಡ್ಲಿ 1962ರಲ್ಲಿ ಪ್ರಕಟಿಸಿದರು. ಮುಂದೆ ಜೀನೋಮ್‌ಗಳನ್ನು ಜೋಡಿಸಿದ್ದೂ ಮೂಲತಃ ಇದೇ ಉಪಾಯದಿಂದ.

ನನ್ನ ಅಭಿಪ್ರಾಯದಲ್ಲಿ ಈ ಶಾಸ್ತ್ರದ ನಿಜವಾದ ಅಡಿಪಾಯ ಡೇಹಾಫ್ ಅವರ ಸಂಗ್ರಹಕಾರ್ಯ. 1965ರಲ್ಲಿ ಅವರ ತಂಡ 65 ಪ್ರೋಟೀನುಗಳ ಕ್ರಮಗಳನ್ನು ಒಂದೇ ಪುಸ್ತಕದಲ್ಲಿ ಒಟ್ಟುಗೂಡಿಸಿತು. ಪ್ರತಿ ಅಮೈನೋ ಆಮ್ಲಕ್ಕೆ ಒಂದೇ ಅಕ್ಷರವನ್ನು ಗೊತ್ತುಮಾಡಿದ ಸಂಕೇತವೂ ಅವರದೇ. ಅದು ಇಂದಿಗೂ ಬಳಕೆಯಲ್ಲಿದೆ. ಕಾಲಕ್ರಮೇಣ ಯಾವ ಅಮೈನೋ ಆಮ್ಲದ ಜಾಗಕ್ಕೆ ಯಾವುದು ಎಷ್ಟು ಸಲೀಸಾಗಿ ಬರುತ್ತದೆಂಬುದನ್ನು ಎಣಿಸಿ, 1978ರಲ್ಲಿ ಪ್ಯಾಮ್ ಎಂಬ ಕೋಷ್ಟಕಗಳ ಪ್ರಸಿದ್ಧ ರೂಪವನ್ನು ಕೊಟ್ಟರು. ಎರಡು ಕ್ರಮಗಳ ಹೋಲಿಕೆ ಕಾಕತಾಳೀಯವೋ, ಒಂದೇ ಮೂಲದಿಂದ ಬಂದದ್ದೋ ಎಂದು ತೂಗಲು ಈ ಎಣಿಕೆ ಆಧಾರವಾಯಿತು. ಹೋಲಿಸುವ ಗಣಿತವನ್ನು ನೀಡಲ್‌ಮನ್ ಮತ್ತು ವುನ್ಶ್ 1970ರಲ್ಲಿಯೇ ಒದಗಿಸಿದ್ದರು. 1981ರಲ್ಲಿ ಸ್ಮಿತ್ ಮತ್ತು ವಾಟರ್‌ಮನ್ ಅದನ್ನು ಕ್ರಮದೊಳಗಿನ ಸಣ್ಣ ಭಾಗಗಳಿಗೂ ಹೊಂದಿಸಿದರು.

ಇದೆಲ್ಲದರ ಫಲ 1983ರಲ್ಲಿ ಎದ್ದು ಕಂಡಿತು. ಮಂಗಗಳಲ್ಲಿ ಗೆಡ್ಡೆ ಉಂಟುಮಾಡುವ ವೈರಸ್‌ನ ಒಂದು ಜೀನು ತಯಾರಿಸುವ ಪ್ರೋಟೀನನ್ನು ಅಮೆರಿಕದ ವಿಜ್ಞಾನಿ ರಸೆಲ್ ಡೂಲಿಟಲ್ ಮತ್ತು ಸಂಗಡಿಗರು ತಾವು ಕೂಡಿಟ್ಟಿದ್ದ ಕ್ರಮಗಳೊಡನೆ ಹೋಲಿಸಿದಾಗ, ಅದು ರಕ್ತದ ಪ್ಲೇಟ್‌ಲೆಟ್‌ಗಳಲ್ಲಿರುವ, ಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುವ ಪ್ರೋಟೀನಿಗೆ ಬಹಳ ಹತ್ತಿರವಾಗಿತ್ತು. ಲಂಡನ್ನಿನ ಮತ್ತೊಂದು ತಂಡವೂ ಅದೇ ವರ್ಷ ಇದನ್ನೇ ಕಂಡಿತು. ಕ್ಯಾನ್ಸರ್ ಉಂಟುಮಾಡುವ ಜೀನು ದೇಹದ್ದೇ ಬೆಳವಣಿಗೆಯ ಸೂಚನೆಯನ್ನು ದುರ್ಬಳಕೆ ಮಾಡಿಕೊಳ್ಳಬಲ್ಲದೆಂಬ ಸುಳಿವು ಹೀಗೆ ಕಂಪ್ಯೂಟರಿನ ಹುಡುಕಾಟದಿಂದ ದೊರೆಯಿತು.

ಅದಕ್ಕೆ ತುಸು ಮೊದಲು, 1982ರಲ್ಲಿ, ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಸಂಗ್ರಹ ಆರಂಭವಾಗಿ ಡಿಎನ್‌ಎ ಕ್ರಮಗಳು ಎಲ್ಲರಿಗೂ ಮುಕ್ತವಾಗತೊಡಗಿದ್ದವು. ಸಂಗ್ರಹ ಬೆಳೆದಂತೆಲ್ಲ ಪೂರ್ಣ ಹೋಲಿಕೆ ನಿಧಾನವಾಯಿತು. ಮೊದಲು ಚಿಕ್ಕ ಹೊಂದಾಣಿಕೆಗಳನ್ನು ಹುಡುಕಿ, ಬಳಿಕ ಅವನ್ನು ಎರಡೂ ಬದಿಗೆ ವಿಸ್ತರಿಸುವ ಬ್ಲಾಸ್ಟ್ ಎಂಬ ಪ್ರೋಗ್ರಾಮ್ 1990ರಲ್ಲಿ ಬಂದದ್ದು ಈ ಅಡಚಣೆಗೆ ಉತ್ತರವಾಗಿ.